ಮೂರನೇ ಗೇಟು

ಫುಟ್‌ಬಾಲ್ ಕ್ರೀಡಾಂಗಣದ ನೂಕುನುಗ್ಗಲಿನ ದಿನ ಮೂರನೇ ನಂಬರಿನ ಕಬ್ಬಿಣದ ಗೇಟನ್ನು ಒಂದೇ ಒದೆತಕ್ಕೆ ಮುರಿದವನು ನಾನು. ಹೆಗಲ ಮೇಲೆ ನಾಲ್ವರು, ಕಂಕುಳಲ್ಲಿ ಇಬ್ಬರು, ಹಲ್ಲಿನಲ್ಲಿ ಇನ್ನೊಬ್ಬನ ಕಾಲರ್. ಹೀಗೆ ಸಾವಿರ ಜನರನ್ನು ಹೊರಗೆಳೆದೆ. ಸತ್ತ ಮೂವತ್ತೊಂದು ಮಂದಿಗೆ ಪ್ರತಿ ವರ್ಷ ಮೇಣದಬತ್ತಿ ಹಚ್ಚುವಾಗ ಮೈಕು ಹಿಡಿದು ಇದನ್ನೇ ಹೇಳುತ್ತಿದ್ದೆ. ಮೊದಲ ವರ್ಷ ಐವತ್ತು ಜನ ಅಂದಿದ್ದೆ, ಹನ್ನೊಂದನೆಯ ವರ್ಷಕ್ಕೆ ಸಾವಿರ ಮುಟ್ಟಿಸಿದ್ದೆ. ಯಾರೂ ನಂಬುತ್ತಿರಲಿಲ್ಲ, ನಗುತ್ತಿದ್ದರು ಅಷ್ಟೆ.

ನಂಬಿದವರು ಒಬ್ಬರೇ: ಆ ಗೇಟಿಗೆ ಬೀಗ ಹಾಕಿಸಿದ್ದ ಆಯೋಜಕರ ವಕೀಲರು. ನನ್ನನ್ನು ಸಾಕ್ಷಿ ಕಟಕಟೆಗೆ ಹತ್ತಿಸಿ ನ್ಯಾಯಾಧೀಶರತ್ತ ತಿರುಗಿದರು.

"ಮಹಾಸ್ವಾಮಿ, ಗೇಟು ಮುರಿದು ಜನ ಹೊರಗೆ ಬಂದಿದ್ದಾರೆ. ಬೀಗದಿಂದ ಯಾರೂ ಸತ್ತಿಲ್ಲ. ಇವರೇ ಸಾಕ್ಷಿ."

ಮಗನನ್ನು ಕಳೆದುಕೊಂಡ ಸಿಸಿಲಿಯಮ್ಮ ಹಿಂದಿನ ಬೆಂಚಿನಿಂದ ಎದ್ದರು.

"ಹನ್ನೊಂದು ವರ್ಷ ನಿನ್ನ ಬೊಗಳೆಗೆ ನಾನೂ ನಕ್ಕಿದ್ದೀನಿ ಕಣಪ್ಪ. ಇವತ್ತೂ ಬಿಟ್ರೆ ನಮ್ಮ ಕೇಸು ಬಿದ್ದೋಗತ್ತೆ. ಗೇಟು ಮುರೀತಾ, ಇಲ್ವಾ?"

"ಮುರೀಲಿಲ್ಲಮ್ಮ. ಬೀಗ ಅಲ್ಲಾಡ್ಲೂ ಇಲ್ಲ. ಹಿಂದಿನೋರು ಒತ್ತಿ ಒತ್ತಿ, ಮುಂದಿನೋರ ಪಕ್ಕೆಲುಬು ಸರಳಿಗೆ ಸಿಕ್ಕಿ ಲಟಲಟ ಅಂತಿದ್ವು. ಬಾಯಿ ತುಂಬಾ ರಕ್ತ. ಬಿದ್ದೋರ ಮೇಲೇ ಜನ ಬೀಳ್ತಿದ್ರು."

ವಕೀಲರು ಗದರಿದರು. "ಹಾಗಾದ್ರೆ ನೀವು ಹೇಗ್ರೀ ಹೊರಗೆ ಬಂದ್ರಿ?"

ನಾನು ಅವರನ್ನು ನೋಡಲಿಲ್ಲ, ಸಿಸಿಲಿಯಮ್ಮನನ್ನು ನೋಡಿದೆ.

"ಗೋಡೆ ಹಾರಿದೆನಮ್ಮ. ನಿಮ್ಮ ಮಗನ ಕತ್ತಿನ ಮೇಲೆ ಕಾಲಿಟ್ಟು. ಆಗ ಅವನಿನ್ನೂ ಉಸಿರಾಡ್ತಿದ್ದ."