ಹೊಳೆಗೆ ಸೂತಕ

ಹೊಳೆಯಲ್ಲಿ ಮುಳುಗಿದವರ ಹೆಣ ಸಿಗುವ ತನಕ ಆ ದಡದ ಬೆಸ್ತರು ಮೀನು ಮುಟ್ಟುವುದಿಲ್ಲ. ಅದು ಏನು ತಿಂದಿದೆಯೋ ಯಾರು ಬಲ್ಲರು!

ಸಣ್ಣತಾಯಿಯ ಗಂಡ ತನ್ನ ಅಣ್ಣನ ಜೊತೆ ಗಾಳ ಹಾಕಲು ಹೋದವನು ತಿರುಗಿ ಬರಲಿಲ್ಲ. ತೆಪ್ಪ ಮಗುಚಿತೆಂದು ಎದೆ ಬಡಿದುಕೊಂಡು ಅತ್ತವನು ಆ ಅಣ್ಣನೇ, ಅವಳ ಭಾವ. ಊರೆಲ್ಲ ಸೇರಿ ಐದು ದಿನ ಹುಡುಕಿತು.

ಆರನೆಯ ದಿನ ಬೆಳಿಗ್ಗೆ ಅವಳು ದಡಕ್ಕೆ ಬಂದಳು. ಜೊಂಡಿನ ಮರೆಯಲ್ಲಿ ಭಾವ ಗಾಳ ಬಿಟ್ಟುಕೊಂಡು ಕೂತಿದ್ದ. ಪಕ್ಕದ ಕೆಂಡದ ಮೇಲೆ ಮೀನು ಸುಡುತ್ತಿತ್ತು.

"ಸಿಕ್ಕುದ್ರಾ, ಭಾವ?"

ಅವನು ಬೆಚ್ಚಿ ಬಾಯಿ ಒರೆಸಿಕೊಂಡ. "ಇಲ್ಲ ಕಣವ್ವ. ಹೊಳೆ ನುಂಗ್ಬುಡ್ತು."

"ಈ ಮೀನು ಎಲ್ಲೀದು?"

"ಇಲ್ಲೀದೇ. ಹಸಿವು ತಡೀನಿಲ್ಲ."

"ತಿಂದ್ರಾ? ವಾಕರಿಕೆ ಬರ್ನಿಲ್ವಾ ನಿಮ್ಗೆ?"

"ಯಾಕ್ ಬಂದಾದು? ಹೊಳೆ ಚೊಕ್ಕಟವಾಗೇ ಅದಲ್ಲ!"

ಸಣ್ಣತಾಯಿ ಎಲೆಯ ಮೇಲೆ ಅವನು ಚೀಪಿಟ್ಟಿದ್ದ ಮುಳ್ಳುಗಳನ್ನು ಬಹಳ ಹೊತ್ತು ನೋಡಿದಳು. ಒಂದರಲ್ಲೂ ಚೂರು ಮಾಂಸ ಉಳಿದಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಭಾವನನ್ನು ಬಹುವಚನದಲ್ಲೇ ಮಾತಾಡಿಸಿದವಳು ಈಗ ತಲೆ ಎತ್ತಿ ಕೇಳಿದಳು:

"ನಿನ್ ತಮ್ಮನ್ನ ಯಾವ ಮಣ್ಣಲ್ಲಿ ಹೂತ್ಬುಟ್ಟೆ, ಹೇಳು."