ಹಲ್ಲಿನ ಡಾಕ್ಟರ ರಂಗಪ್ರವೇಶ

ಇಕ್ಕಳ ಹಿಡಿದೇ ಮಹಡಿ ಹತ್ತಿ ಬಂದ ಹಲ್ಲಿನ ಡಾಕ್ಟರು ಸಿಟ್ಟಿನಲ್ಲಿ ಬಾಗಿಲು ತಳ್ಳಿದರೆ, ನೇರವಾಗಿ ಪ್ರದರ್ಶನ ನಡೆಯುತ್ತಿದ್ದ ರಂಗದ ಮೇಲೇ ಬಂದು ನಿಂತಿದ್ದರು. ಬರೆದಿಟ್ಟ ಮಾತಿಲ್ಲದೆ ನಿಂತ ನಿಲುವಿನಲ್ಲೇ ನಗೆನಾಟಕ ಕಟ್ಟುವುದನ್ನು ಕಲಿಸುವ ಆ ಶಾಲೆ ಐದು ಜನರಿಂದ ಶುರುವಾಗಿ, ಈಗ ಅವರ ಕ್ಲಿನಿಕ್ಕಿನ ಮೇಲಿನ ಇಡೀ ಮಹಡಿಯನ್ನೇ ನುಂಗಿತ್ತು. ಇವತ್ತು ಇವರನ್ನು ಖಾಲಿ ಮಾಡಿಸಿಯೇ ಸೈ ಎಂದು ಡಾಕ್ಟರು ಹಲ್ಲು ಕಡಿದರು.

“ನಿಮ್ಮ ಕುಣಿತಕ್ಕೆ ಕೆಳಗೆ ನನ್ನ ಕೈ ನಡುಗ್ತಿದೆ. ಯಾವುದೋ ಹಲ್ಲು ಕಿತ್ತುಬಿಟ್ರೆ ಯಾರು ಜವಾಬ್ದಾರಿ?”

ಇದೂ ನಾಟಕವೇ ಎಂದುಕೊಂಡ ಪ್ರೇಕ್ಷಕರು ಗೊಳ್ಳೆಂದು ನಕ್ಕರು. ಎದುರಿನವರು ಏನೇ ಅಂದರೂ ಒಪ್ಪಿಕೊಂಡು ಮುಂದುವರಿಸಬೇಕೆಂಬುದು ಆ ಶಾಲೆಯ ಮೊದಲ ಪಾಠ. ಅದನ್ನು ಕಲಿಸುವ ಮೇಡಂ ಕೈಮುಗಿದರು. “ಹೌದು ಡಾಕ್ಟ್ರೇ, ಹೋದ ಸಲ ನನ್ನ ಹಲ್ಲು ಬಿಟ್ಟು ನಮ್ಮೆಜಮಾನ್ರದ್ದು ಕಿತ್ರಿ. ಪಾಪ, ಅವರು ನನ್ನ ಜೊತೆಗೆ ಅಂತ ಬಂದಿದ್ರು ಅಷ್ಟೇ.”

ಬೈಯಲೆಂದು ಡಾಕ್ಟರು ಸಭೆಯತ್ತ ತಿರುಗಿದರು. ಇಪ್ಪತ್ತು ವರ್ಷಗಳಿಂದ ಅವರೆದುರು ಬಾಯಿ ತೆರೆದವರೆಲ್ಲ ಹೆದರಿಕೊಂಡೇ ತೆರೆದಿದ್ದರು. ಇಲ್ಲಿ ನೂರು ಬಾಯಿಗಳು ತಾವಾಗಿಯೇ ತೆರೆದುಕೊಂಡಿದ್ದವು. ಕೆಳಗೆ ಕುರ್ಚಿಯಲ್ಲಿ ಕಾಯುತ್ತಿದ್ದ ರೋಗಿಯನ್ನು ಮರೆತು, ಅವರು ಮೆಲ್ಲಗೆ ಮಾಸ್ಕ್ ಇಳಿಸಿದರು.

“ಹೌದಮ್ಮ,” ಎಂದರು, “ನಮ್ಮನೆಯವರು ಬಾಯೇ ಬಿಡಲ್ಲ ಅಂತ ನೀವೇ ದೂರಿದ್ರಲ್ಲ. ಅದಕ್ಕೇ ಬಿಡಿಸಿದೆ.”