ಜೋಡಿ ಬಾಗಿಲು

ಕಂಬಳಿಯಲ್ಲಿ ಸುತ್ತಿದ ಒಂಟಿ ಬಾಗಿಲನ್ನು ಗಾಡಿಯಿಂದ ಇಳಿಸುತ್ತಲೇ ಅಣ್ಣ ಬಡಗಿಯ ಕಿವಿಯ ಹತ್ತಿರ ಬಂದ. "ಇದಕ್ಕೊಂದು ಜೊತೆ ಮಾಡ್ಕೊಡಿ ಮೇಸ್ತ್ರಿ. ನನ್ನ ತಮ್ಮನಿಗೆ ಮಾತ್ರ ಗೊತ್ತಾಗಬಾರದು."

ಮರುದಿನ ತಮ್ಮ ಬಂದ. ಅವನ ಗಾಡಿಯಲ್ಲೂ ಕಂಬಳಿ, ಕಂಬಳಿಯೊಳಗೆ ಒಂಟಿ ಬಾಗಿಲು. "ಅಣ್ಣನ ಕಿವಿಗೆ ಬೀಳಬಾರದು, ಅಷ್ಟೇ," ಅಂದ.

ಬಡಗಿ ನಗು ನುಂಗಿಕೊಂಡ. ಅಪ್ಪ ತೀರಿಕೊಂಡ ವರ್ಷ ಹಳೆಯ ಮನೆ ಕೆಡವಿ ಕಂಬ, ತೊಲೆ ಎಲ್ಲವನ್ನೂ ಸಮಪಾಲು ಮಾಡಿಕೊಂಡ ಈ ಮಹಾನುಭಾವರು ಮುಂಬಾಗಿಲನ್ನೂ ಬಿಟ್ಟಿರಲಿಲ್ಲ. ಎಡಗಡೆಯದು ಅಣ್ಣನಿಗೆ, ಬಲಗಡೆಯದು ತಮ್ಮನಿಗೆ. ಆಮೇಲೆ ಎಂಟು ವರ್ಷ ಮಾತಿಲ್ಲ, ಕತೆಯಿಲ್ಲ. ಈಗ ಇಬ್ಬರೂ ಗಾಜು, ಕಾಂಕ್ರೀಟಿನ ಮನೆ ಕಟ್ಟಿಸುತ್ತಿದ್ದರು. ನೆಲಕ್ಕೆ ಕೆಂಪು ಗಾರೆ, ಮುಂದೆ ಹಳೆಯ ತೇಗದ ಜೋಡಿ ಬಾಗಿಲು ಇದ್ದರೇ ಮನೆಗೆ ಕಳೆ ಎಂದು ಇಬ್ಬರ ಆರ್ಕಿಟೆಕ್ಟುಗಳೂ ತಲೆಗೆ ತುಂಬಿದ್ದರು.

ಬಡಗಿ ಬಾಯಿ ಹೊಲಿದುಕೊಂಡು ಕೆಲಸಕ್ಕೆ ಕೂತ. ಎಡಕ್ಕೊಂದು ಬಲ, ಬಲಕ್ಕೊಂದು ಎಡ ಕೆತ್ತಿ, ಕಂದು ಬಣ್ಣ ಬಳಿದು ಹೊಸ ಮರಕ್ಕೆ ಮುಪ್ಪು ಬರಿಸಿದ. ಅಳತೆಗೆಂದು ಹಳೆಯ ಜೋಡಿಯನ್ನು ಮೂಲೆಯ ಚೌಕಟ್ಟಿಗೆ ಕೂಡಿಸಿದವನು ಮಾತ್ರ ಬಿಚ್ಚದೆ ಹಾಗೇ ಬಿಟ್ಟ. ಇವನ್ನು ಮತ್ತೆ ತಾನೇ ಬೇರೆ ಮಾಡಬೇಕಲ್ಲ.

ಸಾಗಿಸಲು ಅಣ್ಣನಿಗೆ ಬೆಳಿಗ್ಗೆ ಬರಹೇಳಿದ್ದ, ತಮ್ಮನಿಗೆ ಸಂಜೆ. ಅಣ್ಣ ತಡಮಾಡಿದ, ತಮ್ಮ ಅವಸರ ಮಾಡಿದ. ನಡುಮಧ್ಯಾಹ್ನ ಅಂಗಡಿಯಲ್ಲೇ ಮುಖಾಮುಖಿ.

"ನನ್ನ ಬಾಗಿಲಿಗೆ ನಕಲು ಮಾಡಿಸ್ತೀಯೇನೋ?"

"ನೀನು ಮಾಡಿಸಿರೋದು ಇನ್ನೇನು?"

"ಹಿರೀಮಗ ನಾನು. ಹಳೇವೆರಡೂ ನನಗೇ ಸೇರಬೇಕು." ಅಣ್ಣ ಗೋಡೆಗೆ ಒರಗಿಸಿದ್ದ ಎರಡನ್ನು ತಬ್ಬಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿದ. "ಇವೇ. ಅಪ್ಪನ ಕೈ ವಾಸನೆ ಇನ್ನೂ ಹೋಗಿಲ್ಲ."

"ಯಜಮಾನ್ರೇ, ಅವು ನಾನು ಮೊನ್ನೆ..." ಎಂದ ಬಡಗಿಯ ಮಾತು ಯಾರಿಗೂ ಬೇಕಿರಲಿಲ್ಲ.

"ಅಪ್ಪ ನಿನಗೊಬ್ಬನಿಗೇ ಅಪ್ಪನಾ?" ತಮ್ಮ ಇನ್ನೊಂದು ತುದಿ ಹಿಡಿದೆಳೆದ. ಎಳೆದಾಟ ಬಾಗಿಲು ಬಿಟ್ಟು ಕಾಲರಿಗೆ ಬಂತು.

ಹಳೆಯದಕ್ಕೆಲ್ಲಿ ಪೆಟ್ಟು ಬೀಳುತ್ತದೋ ಎಂದು ಬಡಗಿ ಮೂಲೆಗೆ ಓಡಿದ. ಚೌಕಟ್ಟಿನಲ್ಲಿ ಅರೆತೆರೆದು ನಿಂತಿದ್ದ ಜೋಡಿಯನ್ನು ಮುಚ್ಚಿ, ಹಿತ್ತಾಳೆಯ ಚಿಲಕ ಜಡಿದ.

ಠಣ್.

ಅಪ್ಪ ಕೆಲಸ ಮುಗಿಸಿ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ ಸದ್ದು. ಐವತ್ತು ದಾಟಿದ ಇಬ್ಬರೂ ಕಾಲರು ಬಿಟ್ಟು, ಅಂಗಿ ಸರಿಮಾಡಿಕೊಂಡು, ಕೈಕಟ್ಟಿ ಸಾಲಾಗಿ ನಿಂತರು. ಅಣ್ಣನ ಕೆನ್ನೆಗೆ ಕಂದು ಬಣ್ಣ ಮೆತ್ತಿತ್ತು.

ತಮ್ಮ ಮುಚ್ಚಿದ ಬಾಗಿಲಿನ ಕಡೆಗೇ ನೋಡುತ್ತ ಮೆಲ್ಲಗೆ ಅಂದ, "ಮೊದಲು ಶುರು ಮಾಡಿದ್ದು ಅಣ್ಣ."